ಪಿಂಚಣಿ ಅರ್ಜಿಗೆ ಮೊದಲು ವಯಸ್ಸಿನ ಕಾಗದ ಸರಿಮಾಡಿಕೊಳ್ಳಿ

‘ತಲೆಯೆಲ್ಲ ನೆರೆತಿದೆ, ಇನ್ನೇನು ಸಾಕ್ಷಿ ಬೇಕು ಸಾರ್?’ ನಾಡಕಚೇರಿಯಲ್ಲಿ ಈ ಮಾತು ಕೇಳುತ್ತಲೇ ಇರುತ್ತೇನೆ. ಆದರೆ ಅಲ್ಲಿ ನಡೆಯುವುದು ಕಾಗದದ ಮಾತು. ಇಂದಿರಾ ಗಾಂಧಿ ವೃದ್ಧಾಪ್ಯ ವೇತನಕ್ಕೆ 60 ತುಂಬಿರಬೇಕು, ಸಂಧ್ಯಾ ಸುರಕ್ಷಾಕ್ಕೆ 65.

ಮೊದಲು ಆಧಾರ್, ವೋಟರ್ ಐಡಿ, ರೇಷನ್ ಕಾರ್ಡ್ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಇಸವಿ ಹೊಂದಿದರೆ ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಸೇರಿಸಿ ಅರ್ಜಿ ಹಾಕಿ.

ಹೊಂದದಿದ್ದರೆ ಕೆಲಸ ಜಾಸ್ತಿ. ಆಧಾರ್ ಮಾಡಿಸುವಾಗ ಎಷ್ಟೋ ಜನ ಬಾಯಲ್ಲೇ ಅಂದಾಜು ವಯಸ್ಸು ಹೇಳಿದ್ದಾರೆ. ಅಂಥವರ ದಾಖಲೆಯಲ್ಲಿ ಹುಟ್ಟಿದ ದಿನ ಜನವರಿ 1. ಇದನ್ನು ಸರಿಪಡಿಸಲು ನನ್ನ ಪ್ರಕಾರ ಶಾಲೆಯ ದಾಖಲೆಗಿಂತ ಗಟ್ಟಿಯಾದದ್ದಿಲ್ಲ. ಓದಿದ್ದು ಒಂದನೇ ಕ್ಲಾಸಾದರೂ ಸರಿ, ಊರಿನ ಶಾಲೆಗೆ ಹೋಗಿ ಹೆಡ್‌ಮಾಸ್ಟರಿಗೆ ಅರ್ಜಿ ಕೊಟ್ಟು ದಾಖಲಾತಿ ರಿಜಿಸ್ಟರ್ ತೆಗೆಸಿ. ಸೇರಿದ ವರ್ಷ ನೆನಪಿಲ್ಲವೇ? ಜತೆಗೆ ಸೇರಿದವರ ಹೆಸರು ಹೇಳಿ, ಅದರ ಆಸುಪಾಸಿನ ಸಾಲಲ್ಲೇ ನಿಮ್ಮದೂ ಇರುತ್ತದೆ. ಮನೆಯಲ್ಲಿ ಕರೆಯುತ್ತಿದ್ದ ಹೆಸರನ್ನೂ ಹುಡುಕಿಸಿ. ಆಧಾರ್‌ನ ಗೌರಮ್ಮ ಅಲ್ಲಿ ‘ಪುಟ್ಟಿ’ ಆಗಿರಬಹುದು. ಜೂನ್ 1 ಎಂದಿದ್ದರೆ ಗಾಬರಿ ಬೇಡ, ಶಾಲೆ ಶುರುವಾಗುವ ಲೆಕ್ಕ ಹಿಡಿದು ಮೇಷ್ಟ್ರು ಬರೆದದ್ದು.

ಹೆಂಗಸರಿಗೆ ಇನ್ನೊಂದು ತೊಡಕು. ರಿಜಿಸ್ಟರಿನಲ್ಲಿ ಅಪ್ಪನ ಹೆಸರು, ಆಧಾರ್‌ನಲ್ಲಿ ಗಂಡನ ಹೆಸರು. ಎರಡೂ ದಾಖಲೆಯಲ್ಲಿರುವ ಹೆಂಗಸು ಒಬ್ಬರೇ ಅನ್ನಲು ನೋಟರಿ ಅಫಿಡವಿಟ್ ನೆರವಿಗೆ ಬರುತ್ತದೆ. ವಯಸ್ಸಿಗೇ ಅಫಿಡವಿಟ್ ಮಾಡಿಸಿ ದುಡ್ಡು ಕಳೆಯಬೇಡಿ. ನಮ್ಮ ವಯಸ್ಸಿಗೆ ನಾವೇ ಸಾಕ್ಷಿ ಹೇಳಿದರೆ ಯಾರು ಒಪ್ಪುತ್ತಾರೆ?

ಶಾಲೆಯ ಮುಖ ನೋಡದವರು ತಾಲ್ಲೂಕು ಆಸ್ಪತ್ರೆಯ ವೈದ್ಯರಲ್ಲಿ ವಯಸ್ಸಿನ ದೃಢೀಕರಣ ಕೇಳಬಹುದು. ಅದು ಅಂದಾಜು ಮಾತ್ರ. ನಡೆಯುತ್ತದೆಯೇ ಎಂದು ಗ್ರಾಮ ಆಡಳಿತಾಧಿಕಾರಿಯನ್ನು ಮೊದಲೇ ವಿಚಾರಿಸಿ. ಹಿರಿಮಗನ ಟಿ.ಸಿ.ಯನ್ನೂ ಒಯ್ಯಿರಿ. ತಾಯಿಯ ಇಸವಿ 1969, ಮಗನದು 1978 ಅಂತಿದ್ದರೆ ತಪ್ಪು ಎಲ್ಲಿದೆ ಅಂತ ಅವರಿಗೇ ಹೊಳೆಯುತ್ತದೆ, ಅಲ್ವಾ?

ಬ್ರೋಕರ್‌ಗಳು ‘ಆಧಾರ್‌ನಲ್ಲಿ ವಯಸ್ಸು ಏರಿಸಿಕೊಡ್ತೀನಿ’ ಅಂತ ಬರುತ್ತಾರೆ. ಹತ್ತಿರ ಸೇರಿಸಬೇಡಿ. ಜನ್ಮ ದಿನಾಂಕ ತಿದ್ದಲು ಸಾಮಾನ್ಯವಾಗಿ ಇರುವುದು ಒಂದೇ ಅವಕಾಶ. ಸುಳ್ಳು ಟಿ.ಸಿ. ಕೊಟ್ಟು ಅದನ್ನು ಹಾಳುಮಾಡಿಕೊಂಡರೆ ಆಮೇಲೆ ಅಸಲಿ ದಾಖಲೆ ಸಿಕ್ಕರೂ ಪರದಾಟ ತಪ್ಪದು. ಯಾವ ಕಾಗದ ಒಪ್ಪುತ್ತಾರೆಂದು ಆಧಾರ್ ಕೇಂದ್ರದಲ್ಲೇ ಕೇಳಿ, ಇಲ್ಲವೇ 1947ಕ್ಕೆ ಫೋನ್ ಮಾಡಿ.

ಹಳೆಯ ಟಿ.ಸಿ.ಗೆ ಲ್ಯಾಮಿನೇಷನ್ ಮಾತ್ರ ಬೇಡ. ಬಿಸಿಗೆ ಶಾಯಿ ಮಾಸಿದರೆ ಮುಗಿಯಿತು. ಸುಮ್ನೆ ಪ್ಲಾಸ್ಟಿಕ್ ಕವರಿನಲ್ಲಿಡಿ. ಆಧಾರ್ ತಿದ್ದುಪಡಿ ಆದ ಮೇಲೆಯೇ ಪಿಂಚಣಿ ಅರ್ಜಿ ಹಾಕಿ, ಸ್ವೀಕೃತಿಯ ನಂಬರನ್ನು ಪಾಸ್‌ಬುಕ್ಕಿನ ಹಿಂದೆ ಬರೆದಿಟ್ಟುಕೊಳ್ಳಿ.