ಯೋಹ್ಜಿ ಕೋಟನ್ನು ಮನೆಯಲ್ಲೇ ಒಗೆದ ನನ್ನ ಅನುಭವ

ಜಪಾನಿನ ವಸ್ತ್ರವಿನ್ಯಾಸಕ ಯೋಹ್ಜಿ ಯಮಾಮೊಟೊ ಅವರ ಕಪ್ಪು ಉಣ್ಣೆ ಗ್ಯಾಬರ್ಡೀನ್ (ಒತ್ತು ನೇಯ್ಗೆಯ ಬಟ್ಟೆ) ಕೋಟ್‌ಗೆ ನೀರು ಸೋಕಿಸಬಾರದೆಂದು ಅದರ ಒಳಚೀಟಿಯೂ ಹೇಳುತ್ತದೆ, ಟೋಕಿಯೊದ ಹಳೆಬಟ್ಟೆ ಅಂಗಡಿಯವರೂ ಹೇಳುತ್ತಾರೆ. ಅದೇ ನಗರದ ನಿಶಿಕಸಾಯ್‌ನಲ್ಲಿರುವ, ಜಪಾನಿ ವಿನ್ಯಾಸಕರ ಹಳೆಬಟ್ಟೆ ಕೊಳ್ಳುವ ಈ ಹುಚ್ಚನ್ನು ನನಗಿಂತ ಮೊದಲೇ ಹಿಡಿಸಿಕೊಂಡ ಹಾಸನದ ಮಿತ್ರರೊಬ್ಬರಂತೂ, "ಇಪ್ಪತ್ತು ಸಾವಿರ ಯೆನ್ ಬಕೆಟ್ಟಿಗೆ ಸುರೀತಿದ್ದೀರಲ್ಲ ಮಾರಾಯ್ರೇ" ಎಂದು ನಕ್ಕಿದ್ದರು. ಕಳೆದ ಚಳಿಗಾಲದ ಕೊನೆಯಲ್ಲಿ ಅವರೇ ತಮ್ಮ ಕೋಟುಗಳನ್ನು ನನ್ನ ಸ್ನಾನದ ಮನೆಗೆ ತಂದುಕೊಟ್ಟಿರುವುದರಿಂದ, ನನ್ನ ಕ್ರಮವನ್ನು ಬರೆದಿಡಲು ಈಗ ಸಂಕೋಚವಿಲ್ಲ. ಹಳೆಯ ಉಡುಪನ್ನು ಹಾಸಿ ಅಳೆಯುವುದು, ಮಾರುವವರು ಅದಕ್ಕೆ ಕೊಡುವ ಗುಣಮಟ್ಟದ ದರ್ಜೆಗಳನ್ನು ಓದುವುದು ಓದುಗರಿಗೆ ಗೊತ್ತಿದೆ ಎಂದುಕೊಂಡೇ ಬರೆಯುತ್ತಿದ್ದೇನೆ.

ಮೊದಲು ಹಣದ ಮಾತು. ಹೊಸ ಕೋಟ್‌ಗೆ ಎರಡು ಲಕ್ಷ ಯೆನ್ ಅಥವಾ ಅದಕ್ಕಿಂತ ಹೆಚ್ಚೇ ಆಗುತ್ತದೆ. ಅದೇ ಮಾದರಿಯ ಹದಿನೈದು ಇಪ್ಪತ್ತು ವರ್ಷ ಹಳೆಯ ಕೋಟು ಹರಾಜಿನಲ್ಲಿ ನನಗೆ ಹದಿನೈದರಿಂದ ಇಪ್ಪತ್ತೈದು ಸಾವಿರಕ್ಕೆ ಸಿಕ್ಕಿದ್ದುಂಟು. ಬೆವರಿನ ಅಥವಾ ಕಪಾಟಿನ ವಾಸನೆ ಇದೆ ಎಂದು ಮಾರುವವರು ಪ್ರಾಮಾಣಿಕವಾಗಿ ಬರೆದಿದ್ದರೆ ಬೆಲೆ ಎಂಟು ಹತ್ತು ಸಾವಿರಕ್ಕೆ ಇಳಿದದ್ದೂ ಉಂಟು, ಏಕೆಂದರೆ ಬೆವರಿನ ಉಪ್ಪು ಡ್ರೈಕ್ಲೀನಿಂಗ್ ದ್ರಾವಣದಲ್ಲಿ ಸರಿಯಾಗಿ ಕರಗುವುದಿಲ್ಲವೆಂಬುದು ಕೊಳ್ಳುವವರಿಗೆಲ್ಲ ಗೊತ್ತು. ಅದು ಕರಗುವುದು ನೀರಿನಲ್ಲಿ. ಹಾಗಾಗಿ ನಾನು ವಾಸನೆಯ ಸರಕನ್ನೇ ಹುಡುಕಿ ಕೊಳ್ಳುತ್ತೇನೆ. ಬಟ್ಟೆಗೆಂದು ತೆಗೆದಿಡುವ ಹಣ ಹೆಚ್ಚಾಗದೆ ಕಪಾಟು ತುಂಬಿರುವುದು ಹೀಗೆಯೇ.

ಆರಂಭದಲ್ಲಿ ಕೆಟ್ಟವುಗಳ ಲೆಕ್ಕವೂ ಇದೆ. ಪೂರ್ತಿ ಅಸ್ತರಿದ್ದ ಒಂದು ಜಾಕೆಟ್‌ನಲ್ಲಿ ಹೊರಗಿನ ಉಣ್ಣೆ ಅಲುಗಾಡದೆ ಉಳಿದು, ಒಳಗಿನ, ರೇಷ್ಮೆಯಂಥ ಕ್ಯುಪ್ರಾ ಬಟ್ಟೆಯ ಅಸ್ತರು ಮಾತ್ರ ಕುಗ್ಗಿ, ಕೆಳಅಂಚು ಒಳಕ್ಕೆ ಮಡಚಿಕೊಂಡಿತು. ಅಸ್ತರನ್ನು ಬಿಚ್ಚಿಸಿ ಮತ್ತೆ ಹಾಕಿಸಲು ಜಾಕೆಟ್‌ನ ಬೆಲೆಗಿಂತ ಹೆಚ್ಚು ಕೇಳಿದರು. ಬಿಚ್ಚಿಸಿ, ಅಸ್ತರಿಲ್ಲದೆಯೇ ತೊಡುತ್ತಿದ್ದೇನೆ. ಇನ್ನೊಂದರಲ್ಲಿ ಕಾಲರಿಗೆ ಬಿರುಸು ಕೊಡಲು ಒಳಗೆ ಅಂಟಿಸಿದ ಬಕ್ರಂ ಬಿಟ್ಟುಕೊಂಡು ಗುಳ್ಳೆಗಳೆದ್ದವು. ಆಮೇಲಿಂದ ಕೊಂಡ ಕೂಡಲೇ ಕಾಲರಿನ ಎರಡು ಪದರಗಳನ್ನು ಬೆರಳುಗಳಿಂದ ಹಿಡಿದು ಬೇರೆ ಬೇರೆ ಎಳೆದು ನೋಡುತ್ತೇನೆ: ನಡುವೆ ಮೂರನೆಯ ಪದರ ತನ್ನಷ್ಟಕ್ಕೆ ಜಾರಿದರೆ ಅದು ಹೊಲಿದ ಕ್ಯಾನ್ವಾಸ್, ನೀರಿಗೆ ಇಳಿಸಬಹುದು, ಏನೂ ಜಾರದೆ ಬಟ್ಟೆಯೇ ಬಿರುಸಾಗಿದ್ದರೆ ಅಂಟಿಸಿದ್ದು, ಬಿಟ್ಟುಬಿಡುವುದೇ ಲೇಸು.

ಒಗೆಯುವ ಕೆಲಸ ಸರಳ, ಆದರೆ ಆತುರ ಸಲ್ಲದು. ನೀರು 30 ಡಿಗ್ರಿ ಮೀರಬಾರದು, ಡಿಟರ್ಜೆಂಟು ಕ್ಷಾರವಿಲ್ಲದ್ದಾಗಿರಬೇಕು, ಕೋಟನ್ನು ಮಡಿಸಿಯೇ ಮುಳುಗಿಸಿ ಅಂಗೈಯಿಂದ ಒತ್ತಿ ಬಿಡಬೇಕೇ ಹೊರತು ಉಜ್ಜಬಾರದು, ಹಿಂಡಲೂಬಾರದು. ಉಣ್ಣೆ ಹೆಚ್ಚಾಗಿ ಕುಗ್ಗುವುದು ಬರೀ ನೀರಿನಿಂದಲ್ಲ. ಬಿಸಿ, ಕ್ಷಾರ, ತಿಕ್ಕಾಟಗಳು ಸೇರಿ ಅದರ ಎಳೆಗಳು ಒಂದಕ್ಕೊಂದು ಸಿಕ್ಕಿಕೊಳ್ಳುವುದರಿಂದ. ಗ್ಯಾಬರ್ಡೀನ್ ಒತ್ತಾಗಿ ನೇಯ್ದದ್ದಾದ್ದರಿಂದ ಎಳೆಗಳಿಗೆ ಅಲುಗಾಡಲು ಜಾಗ ಕಡಿಮೆ. ಮೊದಲ ನೀರು ಅಡಕೆ ಬೇಯಿಸಿದ ಚೊಗರಿನಂತೆ ಕಪ್ಪುಗೆಂಪಾಗಿ ಬರುತ್ತದೆ. ಬಣ್ಣವೇ ಹೋಯಿತೆಂದು ಗಾಬರಿಯಾಗುವುದು ಬೇಡ, ಅದರಲ್ಲಿ ಕೊಳೆಯೂ ಸೇರಿರುತ್ತದೆ. ಕೊನೆಯ ನೀರಿಗೆ ಸ್ವಲ್ಪ ವಿನಿಗರ್ ಸೇರಿಸುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅದರ ಜೊತೆಗೆ ನಾನು ಇನ್ನೊಂದು ವಸ್ತುವನ್ನೂ ಹಾಕುತ್ತೇನೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ. ಟವೆಲ್ಲಿನಲ್ಲಿ ಸುತ್ತಿ ನೀರು ಹೀರಿಸಿ, ದಪ್ಪ ಭುಜದ ಹ್ಯಾಂಗರಿಗೆ ಹಾಕಿ ನೆರಳಲ್ಲಿ ಒಣಗಿಸಬೇಕು. ಜೂನ್ ಜುಲೈ ತಿಂಗಳ ಜಪಾನಿನ ಮಳೆಯಲ್ಲಿ ಇದಕ್ಕೆ ಕೈಹಾಕಿದರೆ ಬೂಷ್ಟು ಖಂಡಿತ. ಇಸ್ತ್ರಿಪೆಟ್ಟಿಗೆ ನೇರವಾಗಿ ಮುಟ್ಟಿದರೆ ಹೊಳಪು ಬಂದು ಕೂರುತ್ತದೆ, ನಡುವೆ ಒದ್ದೆ ಹತ್ತಿಬಟ್ಟೆ ಇರಲೇಬೇಕು.

ಕೋಟಿನ ಕಟಿಂಗು ನನಗೆ ಅರ್ಥವಾದದ್ದೂ ಹೀಗೆ ಒದ್ದೆಯಾಗಿ ಹಾಸಿದಾಗಲೇ. ಬೆನ್ನಿನ ಭಾಗಕ್ಕೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಬಟ್ಟೆ ಕೊಟ್ಟು, ಆ ಭಾರವನ್ನೆಲ್ಲ ಕತ್ತಿನ ಹಿಂಬದಿಯ ಒಂದು ಹೊಲಿಗೆಗೆ ನೇತುಹಾಕಿರುವುದು ಮೈಮೇಲಿದ್ದಾಗ ಕಾಣುವುದಿಲ್ಲ. ರಜೆಯಲ್ಲಿ ಮೈಸೂರಿಗೆ ಬಂದಾಗ ಪ್ಯಾಂಟೊಂದರ ಉದ್ದ ಕಡಿಮೆ ಮಾಡಿಸಲು ಹೋಗಿದ್ದೆ. ಹಿರಿಯ ದರ್ಜಿ ಅದನ್ನು ಹಿಂದುಮುಂದು ತಿರುಗಿಸಿ ನೋಡಿ, "ಇದನ್ನ ಕಟ್ ಮಾಡಿದೋನು ಪಂಚೆ ಉಡೋರನ್ನ ನೋಡಿರಬೇಕು ಸಾರ್" ಎಂದರು. ಯೋಹ್ಜಿಯವರ ಬಗ್ಗೆ ನಾನು ಓದಿದ ಬಹಳಷ್ಟು ವಿಮರ್ಶೆಗಿಂತ ಅದು ಹತ್ತಿರದ ಮಾತು.

ನೀರಿಗೆ ಹೆದರುವವರಿಗೆ ನನ್ನ ಉತ್ತರ ಒಂದೇ. 1981ರಲ್ಲಿ ಯೋಹ್ಜಿ ಮತ್ತು ಇನ್ನೊಬ್ಬ ಜಪಾನಿ ವಿನ್ಯಾಸಕಿ ರೇ ಕವಾಕುಬೊ ತಮ್ಮ ಉಡುಪುಗಳ ಪ್ರದರ್ಶನಕ್ಕೆಂದು ಪ್ಯಾರಿಸ್ಸಿಗೆ ಹೋದರು, ಮರುವರ್ಷ ಕವಾಕುಬೊ ತೂತುಗಳಿರುವ ಸ್ವೆಟರನ್ನೇ ವೇದಿಕೆಗೆ ತಂದರು. ಅವರ ಕಾಮ್ ದೆ ಗಾರ್ಸೋನ್ ಸಂಸ್ಥೆ ಹೊಲಿದ ಉಡುಪನ್ನು ಬೇಯಿಸಿ, ಬೇಕೆಂದೇ ಕುಗ್ಗಿಸಿ ಮಾರಿದ್ದೂ ಉಂಟು. ಇಂಥವರ ಬಟ್ಟೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡುವುದು ನನಗೆ ಒಗ್ಗದು. ಅಂದಹಾಗೆ, ಆ ಸಂಸ್ಥೆಯ ಒಳಚೀಟಿಯಲ್ಲಿ ಎಡಿ (AD) ಅಕ್ಷರಗಳ ಬಳಿಕ ಬರುವ ಸಂಖ್ಯೆ ತಯಾರಿಕೆಯ ವರ್ಷ, ಪ್ರದರ್ಶನದ ಋತುವಲ್ಲ. ಮೈಮೇಲೆ ಉಬ್ಬುಗಳಿದ್ದ 1997ರ ವಸಂತದ ಪ್ರಸಿದ್ಧ ಉಡುಪುಗಳಲ್ಲಿ ಎಡಿ1996 ಎಂದಿರುತ್ತದೆ. ಇದನ್ನರಿಯದೆ ಹಿಂದಿನ ಋತುವಿನದೆಂದು ಬರೆದು ಅಗ್ಗಕ್ಕೆ ಮಾರುವವರು ಈಗಲೂ ಇದ್ದಾರೆ.

ಈ ನಡುವೆ ಅಡ್ಡದಾರಿಯ ಪ್ರಯೋಗಗಳೂ ನಡೆದವು. ಊರಿಂದ ತಂದ ಅಂಟುವಾಳದ ನೊರೆಯಲ್ಲಿ ಕಪ್ಪು ಉಣ್ಣೆಯ ಹೆಣಿಗೆಬಟ್ಟೆ ಸೊಗಸಾಗಿ ಮೆತ್ತಗಾಯಿತು, ಆದರೆ ಬಿಳಿ ಹತ್ತಿ ಅಂಗಿ ಶಾಶ್ವತವಾಗಿ ಹಳದಿಗೆ ತಿರುಗಿತು. ಮತ್ತೊಬ್ಬ ಜಪಾನಿ ವಿನ್ಯಾಸಕ ಇಸ್ಸೆ ಮಿಯಾಕೆ ಅವರ ಪ್ಲೀಟ್ಸ್ ಪ್ಲೀಸ್ ಎಂಬ ಪಾಲಿಯೆಸ್ಟರ್ ಉಡುಪುಗಳನ್ನು ಎರಡೂವರೆ ಮೂರು ಪಟ್ಟು ದೊಡ್ಡದಾಗಿ ಕತ್ತರಿಸಿ, ಹೊಲಿದು, ಆಮೇಲೆ ಕಾಗದಗಳ ನಡುವೆ ಶಾಖ ಕೊಟ್ಟು ನೆರಿಗೆ ಹಾಕುತ್ತಾರೆ. ಹಿಂದಿನ ಒಡೆಯರು ಇಸ್ತ್ರಿ ಮಾಡಿ ನೆರಿಗೆ ಸಪಾಟು ಮಾಡಿದ್ದ ಒಂದು ಮೇಲಂಗಿ ಸಾವಿರ ಯೆನ್ನಿಗೆ ಸಿಕ್ಕಿತು. ಅದರ ನೆರಿಗೆಗಳನ್ನು ಒಂದೊಂದಾಗಿ ಕೂಡಿಸಿ, ದಾರ ಸುತ್ತಿ, ಇಡ್ಲಿ ಪಾತ್ರೆಯಲ್ಲಿ ಅರ್ಧ ಗಂಟೆ ಬೇಯಿಸಿದೆ. ನೆರಿಗೆ ಮರಳಿತು, ನಾಲ್ಕೈದು ಸಲ ತೊಡುವಷ್ಟರಲ್ಲಿ ಸಡಿಲವಾಯಿತು. ಹಬೆಯ ಶಾಖ 100 ಡಿಗ್ರಿಗೆ ನಿಲ್ಲುತ್ತದೆ, ಪಾಲಿಯೆಸ್ಟರಿನ ನೆರಿಗೆ ಗಟ್ಟಿಯಾಗಿ ಕೂರಲು ಅದಕ್ಕಿಂತ ಬಹಳ ಹೆಚ್ಚು ಬೇಕು.

ಬಟ್ಟೆಯಂತೆ ಪಾದರಕ್ಷೆಗಳನ್ನೂ ಹಳೆಯವೇ ಕೊಳ್ಳುತ್ತೇನೆ; ಅವುಗಳಲ್ಲಿ ನನಗೆ ಅತಿ ಹೆಚ್ಚು ಹಣ ಹೋಗಿದ್ದು ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ಅಟ್ಟೆಯಿಂದ. ಗಾಳಿಯ ತೇವ ಹೀರಿ ಈ ವಸ್ತು ಒಳಗಿಂದಲೇ ಸಡಿಲಗೊಳ್ಳುತ್ತದೆ; ಡಬ್ಬಿಯಿಂದ ಆಚೆ ತೆಗೆಯದ ಬೂಟಾದರೂ ಕೆಲವೇ ವರ್ಷಗಳಲ್ಲಿ ಪುಡಿಯಾಗಬಹುದು. ಹಾಗೆ ಕೊಂಡ ಒಂದು ಜೊತೆ ರೈಲು ನಿಲ್ದಾಣದ ಮೆಟ್ಟಿಲಲ್ಲೇ ಕಳಚಿಬಿತ್ತು. ಈಗ ಹೊಲಿದ ಅಟ್ಟೆಯ ಬೂಟುಗಳನ್ನಷ್ಟೇ ನೋಡುತ್ತೇನೆ, ಮೇಲ್ಭಾಗದ ಚರ್ಮ ಚೆನ್ನಾಗಿದ್ದರೆ ಅಟ್ಟೆ ಸವೆದಿದ್ದರೂ ಚಿಂತೆಯಿಲ್ಲ. ಏಳೆಂಟು ಸಾವಿರಕ್ಕೆ ಕೊಂಡು, ಹನ್ನೆರಡು ಹದಿಮೂರು ಸಾವಿರ ಕೊಟ್ಟು ರಬ್ಬರ್ ಅಟ್ಟೆ ಹಾಕಿಸಿದರೆ ಹತ್ತು ವರ್ಷ ತಿರುಗಿ ನೋಡಬೇಕಾಗಿಲ್ಲ. ಈ ಕೆಲಸ ಮಾಡಿಕೊಡುವ ಮುದುಕರ ಅಂಗಡಿ ಎಲ್ಲಿದೆಯೆಂದು ಮಾತ್ರ ಕೇಳಬೇಡಿ. ಈಗಲೇ ಅಲ್ಲಿ ಎರಡು ತಿಂಗಳು ಕಾಯಿಸುತ್ತಾರೆ.