ಪ್ರಶ್ನೆ ಬರೆದು ಬದುಕುವುದು

ಕಾಲೇಜಿನಲ್ಲಿದ್ದಾಗ ನನ್ನ ಭಾನುವಾರಗಳೆಲ್ಲ ಕರ್ನಾಟಕ ಕ್ವಿಜ್ ಅಸೋಸಿಯೇಷನ್‌ನ ಕ್ವಿಜ್‌ಗಳಿಗೇ ಮೀಸಲು. 1983ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಈ ಸಂಘದ ಸಭಾಂಗಣದಲ್ಲಿ ಹೈಸ್ಕೂಲ್ ಹುಡುಗನೂ ನಿವೃತ್ತ ಅಧಿಕಾರಿಯೂ ಅಕ್ಕಪಕ್ಕ ಕೂತು ಆಡುತ್ತಿದ್ದರು. ಆಟಗಾರನಾಗಿ ನಾನು ಮಧ್ಯಮ. ಫೈನಲ್ ಮುಟ್ಟುತ್ತಿದ್ದೆವು, ಕಪ್ ಬೇರೆಯವರ ಮನೆಗೆ ಹೋಗುತ್ತಿತ್ತು. ಬಸ್ಸಿನಲ್ಲಿ ವಾಪಸ್ ಬರುವಾಗ ಗೆಳೆಯರು ಅಂಕದ ಲೆಕ್ಕ ಹಾಕುತ್ತಿದ್ದರೆ ನಾನು ಒಳ್ಳೆಯ ಪ್ರಶ್ನೆಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದೆ. ಕ್ವಿಜ್‌ಗೆ ಪ್ರಶ್ನೆ ಬರೆಯುವ, ಮಕ್ಕಳನ್ನು ತರಬೇತುಗೊಳಿಸುವ ಈ ವೃತ್ತಿಗೆ ಬಂದದ್ದು ಆ ದಾರಿಯಿಂದಲೇ.

ಕ್ವಿಜ್ ವಲಯದಲ್ಲಿ ‘ವರ್ಕೌಟ್ ಆಗುವ ಪ್ರಶ್ನೆ’ ಅಂತ ಒಂದು ಮಾತಿದೆ. ಉತ್ತರ ಬಾಯಿಪಾಠ ಇರಬೇಕಿಲ್ಲ, ಪ್ರಶ್ನೆಯೊಳಗಿನ ಸುಳಿವು ಹಿಡಿದು ನಡೆದರೆ ತಲುಪಬಹುದು. ಉದಾಹರಣೆಗೆ, ‘ಬೋರ್ಡೋ ದ್ರಾವಣದಲ್ಲಿ ಯಾವ ಲೋಹದ ಲವಣವಿದೆ?’ ಎಂದು ಕೇಳಿದರೆ ಗೊತ್ತಿದ್ದವನು ‘ತಾಮ್ರ’ ಅನ್ನುತ್ತಾನೆ, ಗೊತ್ತಿಲ್ಲದವನು ಸೀಲಿಂಗ್ ನೋಡುತ್ತಾನೆ. ಅಲ್ಲಿಗೆ ಮುಗಿಯಿತು. ಅದನ್ನೇ ನಾನು ಶಿವಮೊಗ್ಗದ ಒಂದು ಶಾಲಾ ಕ್ವಿಜ್‌ಗೆ ಹೀಗೆ ಬರೆದೆ: ‘19ನೇ ಶತಮಾನದ ಫ್ರಾನ್ಸಿನಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲಿ ಎಂದು ತೋಟದವರು ರಸ್ತೆ ಬದಿಯ ಬಳ್ಳಿಗಳಿಗೆ ನೀಲಿ ದ್ರಾವಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ರೋಗ ತಗಲದಿದ್ದುದನ್ನು ಒಬ್ಬ ಸಸ್ಯವಿಜ್ಞಾನಿ ಗಮನಿಸಿದ. ಮುಂದೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದನ್ನು ನಮ್ಮ ರೈತರಿಗೆ ಶಿಫಾರಸು ಮಾಡಿದರು. ಇವತ್ತಿಗೂ ಮಳೆಗಾಲದಲ್ಲಿ ಮರ ಹತ್ತಿ ಇದನ್ನು ಸಿಂಪಡಿಸುತ್ತಾರೆ. ಏನದು?’

ಈ ದ್ರಾವಣವನ್ನು ನಮ್ಮಲ್ಲಿ ಹೊಡೆಯುವುದು ಅಡಿಕೆಯ ಕೊಳೆರೋಗಕ್ಕೆ; ಮೊದಲ ಕರಡಿನಲ್ಲಿ ‘ಅಡಿಕೆ’, ‘ಕೊಳೆರೋಗ’ ಎರಡೂ ಇದ್ದವು. ಎರಡನ್ನೂ ತೆಗೆದೆ. ಇಟ್ಟಿದ್ದರೆ ಮಲೆನಾಡಿನ ಯಾವ ಮಗುವೂ ಯೋಚಿಸುವ ಕಷ್ಟ ತೆಗೆದುಕೊಳ್ಳುತ್ತಿರಲಿಲ್ಲ. ‘ಮರ ಹತ್ತಿ’ ಎಂಬುದನ್ನು ಮಾತ್ರ ಉಳಿಸಿಕೊಂಡೆ. ಅವತ್ತು ಎರಡು ತಂಡ ವೈನ್, ಕೀಟನಾಶಕ ಅಂತ ಏನೇನೋ ಹೇಳಿ ಮುಗಿಸಿದವು. ಪ್ರಶ್ನೆ ಸರ್ಕಾರಿ ಹೈಸ್ಕೂಲಿನ ತಂಡಕ್ಕೆ ಬಂತು. ಮೂವರಲ್ಲಿ ಅದುವರೆಗೆ ಬಾಯಿಬಿಡದಿದ್ದ ಹುಡುಗಿ ಪಕ್ಕದವನ ತೋಳು ಹಿಡಿದು, ‘ನೀಲಿ ಅಂದ್ರೆ ಮೈಲುತುತ್ತ ಕಣೋ, ಸುಣ್ಣದ ಜೊತೆ ಕಲಸ್ತಾರಲ್ಲ’ ಅಂದಳು. ಮೈಕ್ ಆನ್ ಇತ್ತು, ಇಡೀ ಹಾಲ್‌ಗೆ ಕೇಳಿಸಿತು. ಮೈಲುತುತ್ತ ಅಂದರೆ ಆ ತಾಮ್ರದ ಲವಣವೇ. ಫ್ರಾನ್ಸ್ ಅವಳಿಗೆ ಬೇಕಾಗಲೇ ಇಲ್ಲ.

ಇನ್ನೊಂದು ಎಚ್ಚರ, ‘ಮೊದಲ’ ಎಂಬ ಪದದ್ದು. ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ ಶಿವನಸಮುದ್ರ ಎಂದು ಎಷ್ಟೋ ಗೈಡ್‌ಗಳಲ್ಲಿದೆ. ಶಿವನಸಮುದ್ರದ್ದು 1902, ಡಾರ್ಜಿಲಿಂಗ್ ಬಳಿಯ ಸಿದ್ರಾಪೊಂಗ್ 1897. ಹಾಗಂತ ಶಿವನಸಮುದ್ರವನ್ನು ಬಿಡಬೇಕಾಗಿಲ್ಲ. ‘ಅಲ್ಲಿನ ವಿದ್ಯುತ್ತು ಬೆಂಗಳೂರಿನ ಬೀದಿದೀಪಕ್ಕೂ ಮೊದಲು ಹೋದದ್ದೆಲ್ಲಿಗೆ, ಯಾಕೆ?’ ಎಂದು ಕೇಳಿ. ಆಗ ಅಷ್ಟು ವಿದ್ಯುತ್ ಕೊಳ್ಳುವ ಗಿರಾಕಿ ಯಾರಿದ್ದಿರಬಹುದು ಎಂದು ಯೋಚಿಸಿದವನು ಕೋಲಾರದ ಚಿನ್ನದ ಗಣಿಗೆ ಬಂದು ನಿಲ್ಲುತ್ತಾನೆ. ಹಲ್ಮಿಡಿಯ ಕಥೆಯೂ ಅಷ್ಟೇ. ತಾಳಗುಂದದಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನ ಕ್ರಿ.ಶ. 370ರ ಸುಮಾರಿನದೆಂದು ಪುರಾತತ್ವ ಇಲಾಖೆ ಹೇಳಿದ ಮೇಲೆ ‘ಕನ್ನಡದ ಮೊದಲ ಶಾಸನ ಯಾವುದು’ ಎಂದು ಕೇಳುವ ಕ್ವಿಜ್ ಮಾಸ್ಟರ್ ಜಗಳಕ್ಕೆ ಸಿದ್ಧನಾಗಿಯೇ ಬರಬೇಕು.

ಕೋಚಿಂಗ್‌ಗೆ ಬಂದ ಮಕ್ಕಳ ಕೈಯಲ್ಲಿ ಸಾಮಾನ್ಯವಾಗಿ ಸಾಮಾನ್ಯ ಜ್ಞಾನದ ದಪ್ಪ ಪುಸ್ತಕವಿರುತ್ತದೆ. ಎಫ್‌ಡಿಎ ಪರೀಕ್ಷೆಗೆ ಅದು ಸರಿ, ಕ್ವಿಜ್‌ಗೆ ಅರ್ಧ ಭಾರ. ಕನ್ನಡದ ಎಂಟು ಜ್ಞಾನಪೀಠಿಗಳನ್ನು ಇಸವಿ ಸಮೇತ ಒಂದೇ ಉಸಿರಿಗೆ ಹೇಳುತ್ತಾರೆ. 1967ರಲ್ಲಿ ಕುವೆಂಪು ಜೊತೆ ಪ್ರಶಸ್ತಿ ಹಂಚಿಕೊಂಡ ಗುಜರಾತಿ ಕವಿ ಯಾರು ಅಂದರೆ ಮೌನ. ಉಮಾಶಂಕರ ಜೋಶಿ ಅಂತ ನಾನು ಹೇಳಿಬಿಡುವುದಿಲ್ಲ, ಹುಡುಕಿಕೊಂಡು ಬನ್ನಿ ಅನ್ನುತ್ತೇನೆ. ಹುಡುಕುವಾಗ 1973ರಲ್ಲಿ ಬೇಂದ್ರೆಯವರದೂ ಹಂಚಿಕೆಯ ಪ್ರಶಸ್ತಿಯೇ, ಜೊತೆಗಿದ್ದವರು ಒಡಿಯಾದ ಗೋಪಿನಾಥ ಮೊಹಂತಿ ಎಂಬುದೂ ಸಿಗುತ್ತದೆ. ಹಾಗೆ ಸಿಕ್ಕಿದ್ದು ಮರೆಯುವುದಿಲ್ಲ.

ಆದರೆ ತರಬೇತಿಯ ಹೆಚ್ಚಿನ ಸಮಯ ಹೋಗುವುದು ಮಾತಾಡಿಸುವುದಕ್ಕೆ. ತಪ್ಪಾದರೂ ಸರಿ, ತಲೆಗೆ ಬಂದದ್ದನ್ನು ತಂಡದವರಿಗೆ ಹೇಳಬೇಕು ಎಂಬುದು ನನ್ನ ನಿಯಮ. ಜೋರು ದನಿಯವನಿಗೆ ಕೊನೆಯಲ್ಲಿ ಮಾತಾಡುವ ಶಿಕ್ಷೆ. ಪೌನ್ಸ್ ಬೇರೆ ಇದೆಯಲ್ಲ: ತನ್ನ ಸರದಿಗೆ ಕಾಯದೆ ಚೀಟಿಯಲ್ಲಿ ಉತ್ತರ ಬರೆದುಕೊಡುವುದು, ತಪ್ಪಾದರೆ ಅಂಕ ಕಳೆದುಕೊಳ್ಳುವುದು. ಗಂಡುಹುಡುಗರು ಕೈಗೆ ಸಿಕ್ಕಿದ್ದಕ್ಕೆಲ್ಲ ಪೌನ್ಸ್ ಹಾಕಿ ಮುಳುಗುತ್ತಾರೆ, ಹುಡುಗಿಯರು ಖಾತ್ರಿಯಿದ್ದರೂ ತಡೆದುಕೊಳ್ಳುತ್ತಾರೆ. ನಾನು ನೋಡಿದ ಮಟ್ಟಿಗೆ ಇದು ನಿಜ, ಮತ್ತು ಬೇಸರದ ಸಂಗತಿ.

ದುಡ್ಡಿನ ವಿಷಯ. ಪ್ರಶ್ನೆಗೆ ಇಷ್ಟು ಅಂತ ಕೊಡುವವರಿದ್ದಾರೆ, ಇಡೀ ಸೆಟ್ಟಿಗೆ ಮಾತಾಡುವವರಿದ್ದಾರೆ. ಕಾರ್ಪೊರೇಟ್ ಕ್ವಿಜ್‌ಗಳು ಮನೆ ಬಾಡಿಗೆ ಕಟ್ಟುತ್ತವೆ, ಶಾಲೆಗಳು ಶಾಲು ಹೊದಿಸುತ್ತವೆ. ಒಂದು ವಾಹಿನಿ ನನ್ನಿಂದ ಮಾದರಿ ಪ್ರಶ್ನೆ ಬರೆಸಿಕೊಂಡು, ಕೆಲಸ ಕೊಡದೆ, ಅವನ್ನೇ ಪ್ರಸಾರ ಮಾಡಿತು. ಅಂದಿನಿಂದ ಮಾದರಿ ಅಂದರೆ ಹಳೆಯ ಪ್ರಶ್ನೆಗಳನ್ನಷ್ಟೇ ಕಳಿಸುತ್ತೇನೆ. ಈ ಕೆಲಸವೊಂದನ್ನೇ ನಂಬಿ ಇಳಿಯುವವರು ಒಂದು ವರ್ಷದ ಖರ್ಚು ಪಕ್ಕಕ್ಕಿಟ್ಟುಕೊಂಡು ಇಳಿಯಿರಿ.

ಈಗ ಪ್ರತಿ ಶಿಬಿರದಲ್ಲೂ ಮಕ್ಕಳೇ ಪ್ರಶ್ನೆ ಬರೆದು ಪರಸ್ಪರ ಕೇಳಬೇಕು. ಕಳೆದ ಸಲ ಮಂಗಳೂರಿನ ಹುಡುಗನೊಬ್ಬ ಮೂರು ಸುಳಿವು ತಂದಿದ್ದ: 1843ರ ‘ಮಂಗಳೂರು ಸಮಾಚಾರ’, 1865ರಲ್ಲಿ ಶುರುವಾದ ಹಂಚಿನ ಕಾರ್ಖಾನೆ, ಕಿಟೆಲ್ ನಿಘಂಟು. ಉತ್ತರ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್. ನಾಲ್ಕನೆಯದಾಗಿ ‘ಖಾಕಿ ಬಣ್ಣ ಕಂಡುಹಿಡಿದದ್ದೂ ಇವರೇ’ ಅಂತ ಸೇರಿಸಿದ್ದ. ಅದಕ್ಕೂ ಮೊದಲೇ ಪಂಜಾಬಿನ ಸೈನಿಕರು ಖಾಕಿ ತೊಡುತ್ತಿದ್ದರಲ್ಲ ಎಂದು ಪಕ್ಕದ ಬೆಂಚಿನವಳು ಎದ್ದಳು. ಇವನು ಬಿಡಲಿಲ್ಲ, ಅವಳೂ ಬಿಡಲಿಲ್ಲ. ಊಟದ ಗಂಟೆ ಹೊಡೆಯಿತು. ಇಬ್ಬರೂ ತಟ್ಟೆ ಹಿಡಿದು ಸಾಲಿನಲ್ಲಿ ನಿಂತು ವಾದ ಮುಂದುವರಿಸಿದರು. ಮಧ್ಯಾಹ್ನ ಅವನು ಖಾಕಿಯನ್ನು ಹೊಡೆದುಹಾಕಿ, ನಿಘಂಟನ್ನು ಕೊನೆಯಿಂದ ಮೊದಲಿಗೆ ತಂದು, ಇನ್ನೊಮ್ಮೆ ಓದಿ ತೋರಿಸಿದ.