ಬರೀ ತಪ್ಪಲ ಬಂದ ಮಡಿಯಲ್ಲಿ ಗಡ್ಡೆ ಕಂಡದ್ದು

ಮೊದಲ ವರ್ಷ ನನ್ನ ಉಳ್ಳಾಗಡ್ಡಿ ಮಡಿ ನೋಡಿದವರೆಲ್ಲ ಹೊಗಳಿದರು. ಮೊಣಕಾಲೆತ್ತರದ ಕಡುಹಸಿರು ಎಲೆ, ಒಂದಕ್ಕೂ ರೋಗವಿಲ್ಲ. ಅಣ್ಣಿಗೇರಿ ಕಡೆಯ ಎರೆಹೊಲದಲ್ಲಿ ಜೀವನವಿಡೀ ಉಳ್ಳಾಗಡ್ಡಿ ಬೆಳೆದ ನಮ್ಮ ಕಾಕಾ ಮಾತ್ರ ಬಗ್ಗಿ ಒಂದನ್ನು ಕಿತ್ತರು, ಮಣ್ಣು ಜಾಡಿಸಿದರು, ನನ್ನ ಮುಖ ನೋಡಿದರು. "ತಂಗೀ, ಇದು ಬರೀ ತಪ್ಪಲ. ಗಡ್ಡಿ ಎಲ್ಲೈತಿ?"

ಗಡ್ಡೆ ಇರಲಿಲ್ಲ. ಹೆಬ್ಬೆರಳು ದಪ್ಪದ ಬಿಳಿ ದಂಟು, ಅಷ್ಟೇ. ಗೊಬ್ಬರ ಸಾಲಲಿಲ್ಲ ಅಂದುಕೊಂಡು ಇನ್ನೊಂದು ಬುಟ್ಟಿ ಹಾಕಿದೆ. ತಪ್ಪಲ ಇನ್ನೂ ಸೊಕ್ಕಿತು. ಕಾರಣ ಬೀಜದ ಪೊಟ್ಟಣದ ಮೇಲೇ ಅಚ್ಚಾಗಿತ್ತು. ಸಿಯಾಟಲ್‌ನಲ್ಲಿರುವ ಅಕ್ಕ ತಂದುಕೊಟ್ಟ ವಾಲಾ ವಾಲಾ ಎಂಬ ಸಿಹಿ ತಳಿ ಅದು. ಹಿಂಬದಿಯಲ್ಲಿ 'ಲಾಂಗ್ ಡೇ' ಎಂದಿತ್ತು. ಬೆಳೆ ಬರಲು ಬಹಳ ದಿನ ಬೇಕು ಅಂತ ನಾನು ತಿಳಿದಿದ್ದೆ! ಅಲ್ಲ, ಹಗಲು ಉದ್ದವಿರಬೇಕು ಅಂತ. 14 ಗಂಟೆಯಷ್ಟು ಹಗಲು ಸಿಗದಿದ್ದರೆ ಆ ಜಾತಿ ಗಡ್ಡೆ ಕಟ್ಟುವುದಿಲ್ಲ. ಧಾರವಾಡದಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲೇ ಸುಮಾರು 13 ಗಂಟೆ. ಬಳ್ಳಾರಿ ಕೆಂಪು, ತೆಲಗಿ ಕೆಂಪು, ಅರ್ಕಾ ಕಲ್ಯಾಣ್‌ನಂಥ ನಮ್ಮ ಕಡೆಯ ತಳಿಗಳಿಗೆ 11–12 ಗಂಟೆ ಹಗಲು ಸಾಕು. ಆ ವರ್ಷ ವಾರಕ್ಕೆ ಮೂರು ಸಲ ತಪ್ಪಲದ ಜುಣಕ ತಿಂದೆವು.

ಎರಡನೇ ವರ್ಷ ಅಂಗಡಿಯಿಂದ ಊರಿನ ಬೀಜವನ್ನೇ ತಂದೆ. ಹತ್ತು ದಿನ ಕಾದರೂ ಮಡಿ ಬೋಳು. ಉಳ್ಳಾಗಡ್ಡಿ ಬೀಜಕ್ಕೆ ಆಯುಷ್ಯ ಕಡಿಮೆ, ತೇವ ತಾಗಿದರೆ ಒಂದು ವರ್ಷಕ್ಕೇ ಸತ್ವ ಕಳೆದುಕೊಳ್ಳುತ್ತದೆ. ಉಳಿದಿದ್ದ ಬೀಜದಲ್ಲಿ 20 ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. ವಾರದ ಮೇಲೆ ಮೊಳೆತದ್ದು 6. ಈಗ ಈ ಪರೀಕ್ಷೆ ಮುಗಿಯದೆ ಮಣ್ಣಿಗೆ ಕೈ ಹಾಕುವುದಿಲ್ಲ.

ಹೊಸ ಬೀಜ ತಂದು ಜೂನ್ ಕೊನೆಗೆ ಮತ್ತೆ ಬಿತ್ತಿದೆ. ಜಿಟಿಜಿಟಿ ಮಳೆ. ಅಗಿ, ಅಂದರೆ ಎಳೆ ಸಸಿಗಳು, ಎರಡು ಇಂಚು ಎದ್ದು, ಒಂದು ಬೆಳಿಗ್ಗೆ ನೋಡಿದರೆ ಚಾಪೆ ಹಾಸಿದಂತೆ ಮಲಗಿದ್ದವು. ಬುಡ ಕೊಳೆತು ದಾರದಷ್ಟಾಗಿತ್ತು. ದಟ್ಟವಾಗಿ ಚೆಲ್ಲಿದ್ದು ನಾನು, ಸಮನೆಲದಲ್ಲಿ ಬಿತ್ತಿದ್ದೂ ನಾನು. ಈಗ ಅಗಿ ಮಡಿಯನ್ನು ಅರ್ಧ ಅಡಿ ಏರಿಸಿ, ಮಣ್ಣಿಗೆ ಮರಳು ಬೆರೆಸಿ, ಬುಡಕೊಳೆ ತಡೆಯುವ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಸೇರಿಸಿದ ಹಳೆ ಗೊಬ್ಬರ ಹಾಕಿ, ಸಾಲಿನಲ್ಲಿ ತೆಳುವಾಗಿ ಬಿತ್ತುತ್ತೇನೆ. ನೀರು ಬೆಳಿಗ್ಗೆ ಮಾತ್ರ.

ಅಷ್ಟಾದ ಮೇಲೂ ಗಡ್ಡೆ ಲಿಂಬೆಹಣ್ಣಿಗಿಂತ ದೊಡ್ಡದಾಗಲಿಲ್ಲ. ಆಗ ಕಾಕಾ ಒಂದು ಗಡ್ಡೆಯನ್ನು ಅಡ್ಡ ಕೊಯ್ದು ತೋರಿಸಿದರು. ಪ್ರತಿ ಎಲೆಯ ಬುಡವೇ ಒಳಗೆ ಒಂದು ಪದರ. ಗಡ್ಡೆ ಕಟ್ಟುವ ಹೊತ್ತು ಬಂದಾಗ ಗಿಡದ ಮೇಲೆ ಐದೇ ಎಲೆ ಇದ್ದರೆ ಆ ಐದೇ ಉಬ್ಬಬೇಕು. ಆಮೇಲೆ ನೀವು ಏನು ಸುರಿದರೂ ಹೊಸ ಪದರ ಹುಟ್ಟುವುದಿಲ್ಲ. ನನ್ನ ಮಟ್ಟಿಗೆ ಉಳ್ಳಾಗಡ್ಡಿ ಕೃಷಿಯ ಅರ್ಧ ವಿದ್ಯೆ ಇದೇ. ಅಂದಿನಿಂದ ಒಂದು ಹಳೆ ಡೈರಿಯಲ್ಲಿ ಹದಿನೈದು ದಿನಕ್ಕೊಮ್ಮೆ ಹತ್ತು ಗಿಡದ ಎಲೆ ಎಣಿಸಿ ಬರೆಯುತ್ತೇನೆ. ಮನೆಯವರು ನಗುತ್ತಾರೆ. ನಗಲಿ. ಎಣಿಕೆ ಹಿಂದೆ ಬಿದ್ದರೆ ಏನೋ ಕೆಟ್ಟಿದೆ ಎಂದು ಆಗಲೇ ತಿಳಿಯುತ್ತದೆ, ಕೀಳುವ ದಿನದವರೆಗೆ ಕಾಯಬೇಕಿಲ್ಲ.

ಮೂರನೇ ವರ್ಷ ಫೆಬ್ರವರಿಯಲ್ಲಿ ಹಾಗೇ ಆಯಿತು. ಎಣಿಕೆ ಏಳಕ್ಕೆ ನಿಂತಿತ್ತು. ಎಲೆಗಳ ಮೇಲೆ ಬೆಳ್ಳಿಯಂಥ ಗೀರು, ತುದಿ ಒಣಗಿತ್ತು. ನೀರು ಸಾಲದೆಂದು ದಿನಾ ಹಾಯಿಸಿದೆ. ಕೊನೆಗೆ ಸುಳಿ ಬಿಡಿಸಿ ಕಪ್ಪು ಕಾಗದದ ಮೇಲೆ ತಟ್ಟಿದಾಗ ಎಳ್ಳಿಗಿಂತ ಸಣ್ಣ ಹಳದಿ ಹುಳಗಳು ಹರಿದಾಡಿದವು. ಥ್ರಿಪ್ಸ್ ನುಸಿ. ಬೇವಿನೆಣ್ಣೆ ಸಿಂಪಡಿಸಿದರೆ ಎಲೆಯ ಮೇಣದ ಮೇಲಿಂದ ಕೆಸುವಿನೆಲೆಯ ನೀರಿನಂತೆ ಉರುಳಿ ಹೋಯಿತು. ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಅದಕ್ಕೆ ತುಸು ಸೋಪಿನ ನೀರು ಕಲಸಿ ಸಂಜೆ ಹೊತ್ತು ಸುಳಿಯೊಳಗೇ ಇಳಿಯುವಂತೆ ಹೊಡೆದಾಗ ನಿಂತಿತು. ವಾರಕ್ಕೊಮ್ಮೆ, ಮೂರು ಸಲ. ಮಳೆಗಾಲದಲ್ಲಿ ಎಲೆಯ ಮೇಲೆ ಬರುವ ನೇರಳೆ ಮಚ್ಚೆಯೇ ಬೇರೆ, ಅದು ಶಿಲೀಂಧ್ರ; ಗಿಡಗಳ ನಡುವೆ ಗಾಳಿಯಾಡಲು ಬಿಟ್ಟು, ಅದನ್ನು ತಕ್ಕಮಟ್ಟಿಗೆ ತಡೆದುಕೊಳ್ಳುವ ಅರ್ಕಾ ಕಲ್ಯಾಣ್ ಹಚ್ಚಿದ ಮೇಲೆ ನನಗೆ ಹೆಚ್ಚು ಕಾಡಿಲ್ಲ.

ಅದೇ ವರ್ಷ ಇನ್ನೊಂದು ಎಡವಟ್ಟು. ಮದುವೆಯ ಓಡಾಟದಲ್ಲಿ 45–50 ದಿನಕ್ಕೆ ಕಿತ್ತು ಹಚ್ಚಬೇಕಾದ ಅಗಿ 80 ದಿನ ಮಡಿಯಲ್ಲೇ ಉಳಿದು ಪೆನ್ಸಿಲ್‌ನಷ್ಟು ದಪ್ಪವಾಗಿದ್ದವು. ದಪ್ಪ ಅಗಿ ಒಳ್ಳೆಯದೆಂದು ಖುಷಿಪಟ್ಟು ಹಚ್ಚಿದೆ. ಜನವರಿಯ ಚಳಿ ತಾಗಿದ್ದೇ ತಡ, ಮೂರರಲ್ಲಿ ಒಂದು ಗಿಡ ಹೂವಿನ ದಂಟು ಎತ್ತಿತು. ದಂಟು ಮುರಿದರೂ ಗಡ್ಡೆಯ ನಡುವೆ ಗಟ್ಟಿ ಬೆಂಡು ಉಳಿದೇ ಉಳಿಯುತ್ತದೆ. ಅಂಥದ್ದನ್ನು ಮೊದಲು ಅಡುಗೆಗೆ ಬಳಸಿಬಿಡಬೇಕು. ಎಳೆಯ ದಂಟಿನ ಪಲ್ಯ ಮಾತ್ರ ರುಚಿ.

ಕಳೆದ ಹಿಂಗಾರಿನಲ್ಲಿ ನಾಲ್ಕಡಿ ಅಗಲ, ಹತ್ತಡಿ ಉದ್ದದ ಮಡಿಗೆ 200 ಅಗಿ ಹಚ್ಚಿದೆ, ಆಳ ಒಂದು ಇಂಚಿಗಿಂತ ಕಡಿಮೆ. ಹಚ್ಚಿದ ಒಂದೂವರೆ ತಿಂಗಳ ಮೇಲೆ ಯೂರಿಯಾ ಇಲ್ಲ, ಸಗಣಿ ನೀರೂ ಇಲ್ಲ. ತಡವಾಗಿ ಹಾಕಿದರೆ ಗಡ್ಡೆಯ ಕತ್ತು ದಪ್ಪಗಾಗಿ, ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಗಿಡ ತಾವಾಗಿ ಕತ್ತು ಮುರಿದು ಬಿದ್ದ ಮೇಲೆ ಕಿತ್ತೆ. ಅದಕ್ಕೆ ಎರಡು ವಾರ ಮೊದಲೇ ನೀರು ನಿಲ್ಲಿಸಿದ್ದೆ. ಎಲೆ ಸಮೇತ ನೆರಳಲ್ಲಿ ಹರವಿ ಒಣಗಿಸಿ, ಒಂದು ಇಂಚು ಕತ್ತು ಬಿಟ್ಟು ಕೊಯ್ದೆ. 9 ಕೆಜಿ ಬಂತು.

ಕಾಕಾ ಬಂದವರು ಬುಟ್ಟಿ ಮುಂದೆ ಕುಳಿತು ಒಂದೊಂದರ ಕತ್ತನ್ನು ಬೆರಳಲ್ಲಿ ಒತ್ತಿ ನೋಡಿದರು. ಏನೂ ಹೇಳಲಿಲ್ಲ. ಮೆತ್ತಗಿದ್ದ ಆರೇಳು ಗಡ್ಡೆ ಬೇರೆ ತೆಗೆದು ನನ್ನ ಕೈಗಿಟ್ಟರು. "ಇವು ಉಳಿಯಂಗಿಲ್ಲ ತಂಗೀ. ಇವತ್ತ ಭಜಿ ಮಾಡು, ಚಹಾ ಕುಡದ ಹೋಗ್ತೀನಿ."